ಬಾವಿಕಟ್ಟೆಯಲ್ಲಿ ನಿಂತುಹೋದವಳು

ನಾನು ಹುಟ್ಟಿದ್ದು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಹೊಲಿಗೆ ಕೋಣೆಯ ಮೇಜಿನ ಮೇಲೆ, ಚೌಕುಳಿ ಕಾಗದದಲ್ಲಿ. ಎಂಟು ಚೌಕ ಅಗಲ, ಹದಿನಾರು ಚೌಕ ಎತ್ತರ. ತಲೆ, ಸೆರಗು, ಕೈ, ಕಾಲು ಎಲ್ಲವೂ ಅಷ್ಟರಲ್ಲೇ ಆಗಬೇಕಿತ್ತು. ಕಣ್ಣಿಗೆ ಉಳಿದದ್ದು ಒಂದೇ ಚೌಕ. ಆ ಒಂದು ಕಣ್ಣಿನಿಂದ ಕಂಡದ್ದನ್ನು ಹೇಳುತ್ತೇನೆ, ಕೇಳಿ. ನಾನು ಕಂಪ್ಯೂಟರಿನ ಆಟವೊಂದರ ಹೆಣ್ಣುಮಗಳು.

ನನ್ನನ್ನು ಬರೆದವರು ಕಲಾವತಿ ಅಮ್ಮಿನಭಾವಿ ಎಂಬ ಹೊಲಿಗೆ ಟೀಚರು. ಹುಡುಗಿಯರು ಅವರನ್ನು ಅಕ್ಕಾರ ಅನ್ನುತ್ತಿದ್ದರು. ಹೊಲಿಗೆಯವರಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಗಟ್ಟಿ ಬೀಗವಿದ್ದ ಕೋಣೆ ಹೊಲಿಗೆಯದೊಂದೇ. ಹಾಗಾಗಿ ಪೆಟ್ಟಿಗೆ ಅಲ್ಲಿಗೆ ಬಂತು, ಅದರ ಜೊತೆಗೆ ಬಂದ ಪುಸ್ತಕವೂ ಅಲ್ಲಿಗೆ ಬಂತು. ಕೀಲಿಕೈ ಇದ್ದವರಿಗೆ ಜವಾಬ್ದಾರಿಯೂ ಬಂತು. ಅಕ್ಕಾರು ನಲವತ್ತೆರಡನೆಯ ವಯಸ್ಸಿನಲ್ಲಿ, ನಿಘಂಟು ಪಕ್ಕಕ್ಕಿಟ್ಟುಕೊಂಡು, ದಿನಕ್ಕೆ ಒಂದು ಪುಟದಂತೆ ಆ ಪುಸ್ತಕ ಓದಿದರು. ಪರದೆ ಎನ್ನುವುದು ಎಳೆ ಎಣಿಸುವ ಬಟ್ಟೆಯ ಹಾಗೆಯೇ ಇದೆ ಎಂಬುದು ಅವರಿಗೆ ಮೂರನೆಯ ವಾರದಲ್ಲಿ ಹೊಳೆಯಿತು. ಕಸೂತಿ ಹಾಕುವವರಿಗೆ ಅಷ್ಟು ಸಾಕಲ್ಲ.

ಆಟ ಹೀಗಿತ್ತು. ಊರಿನ ನೀರೆಲ್ಲ ಬತ್ತಿದೆ. ಕೋಟೆಯ ಒಳಗೆ, ಇಪ್ಪತ್ನಾಲ್ಕು ಕೋಣೆ ದಾಟಿದರೆ, ಒಂದು ಬಾವಿ. ನಾನು ಕವಣೆ ಹಿಡಿದು ಒಳಗೆ ಹೋಗಬೇಕು. ದಾರಿಯಲ್ಲಿ ಬಾವಲಿ, ಹಾವು, ಉರುಳುವ ಗುಂಡು. ನೆಲದಲ್ಲಿ ಒಂದು ಕಲ್ಲು ಇದ್ದರೆ ಒಂದು ಕಲ್ಲು ಇಲ್ಲ. ಹಾರಿ ಹಾರಿ ದಾಟಬೇಕು. ಗೋಡೆಗಳೂ ಅರ್ಧ ಗೆರೆ, ಅರ್ಧ ಖಾಲಿ. ಅಕ್ಕಾರು ನನ್ನನ್ನು ಎರಡು ಸಲ ಬರೆದಿದ್ದರು: ಕವಣೆ ಹಿಡಿದವಳಾಗಿ ಒಮ್ಮೆ, ಸೊಂಟದ ಮೇಲೆ ತುಂಬಿದ ಕೊಡ ಹೊತ್ತವಳಾಗಿ ಒಮ್ಮೆ. ಹೋಗುವುದು ಅರ್ಧ ಆಟ, ಬರುವುದು ಅರ್ಧ ಆಟ. ಆ ಯಂತ್ರದ ತಲೆ ಸಣ್ಣದು, ಎರಡೂ ಒಟ್ಟಿಗೆ ಹಿಡಿಸುತ್ತಿರಲಿಲ್ಲ. ಆಗಿನ ಕಂಪ್ಯೂಟರು ಆಟವನ್ನು ಹಾಡು ಕೇಳುವಂಥ ಕ್ಯಾಸೆಟ್ಟಿನಿಂದಲೇ ಓದಿಕೊಳ್ಳುತ್ತಿತ್ತು. ಆದ್ದರಿಂದ ಹೋಗುವುದನ್ನು ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ತುಂಬಿದರು, ಬರುವುದನ್ನು ಇನ್ನೊಂದು ಮಗ್ಗುಲಿಗೆ. ಬಾವಿ ಮುಟ್ಟಿದ ಮೇಲೆ ಕ್ಯಾಸೆಟ್ ತಿರುಗಿಸಿ ಹಾಕಬೇಕು.

ಅಕ್ಕಾರು ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಲೇ ಇಲ್ಲ ಅವರಿಗೆ. ಯಾವ ಹುಡುಗಿ ಕಸೂತಿ ತಂದು ತೋರಿಸಿದರೂ ಅವರು ಮೊದಲು ನೋಡುತ್ತಿದ್ದದ್ದು ಬಟ್ಟೆಯ ಹಿಂಬದಿಯನ್ನು. ಹಿಂದೆ ಗಂಟು ಕಂಡರೆ ಬಿಚ್ಚಿಸಿ ಮತ್ತೆ ಹಾಕಿಸುವರು. ಅಂಥವರ ಕೈಯಲ್ಲಿ ಕಲಿತ ಹುಡುಗಿಯರು ತಿರುಗಿಸಿ ನೋಡದೆ ಇರುತ್ತಾರೆಯೇ ಎಂದುಕೊಂಡರು.

ಹುಡುಗಿಯರು ತಿರುಗಿಸಲಿಲ್ಲ. ಅಂಚು ಮಡಿಚಿ ಮುಗಿಸಿದವರಿಗೆ ಆಟ ಎಂಬುದು ಅಲ್ಲಿನ ನಿಯಮ. ನಲವತ್ತು ನಿಮಿಷದ ಪಿರಿಯಡ್ಡು. ಕ್ಯಾಸೆಟ್ ಕಿರ್ರೆಂದು ಕೂಗಿ ತುಂಬಿಕೊಳ್ಳಲು ಏಳು ನಿಮಿಷ. ಅಂಚು ಮುಗಿಸಿದ ಚುರುಕಿನ ಹುಡುಗಿ ಆಡಲು ಕುಳಿತು, ನಾನು ಬಾವಿಕಟ್ಟೆ ಹತ್ತಿ, ಕೊಡ ತುಂಬುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುವರು. ಗೆದ್ದೆವು ಎನ್ನುವರು. ಉಳಿದವರ ಹೊಲಿಗೆ ತಿದ್ದುತ್ತಿದ್ದ ಅಕ್ಕಾರು ಪರದೆಯ ಕಡೆ ನೋಡುತ್ತಿರಲಿಲ್ಲ. ಸ್ವಿಚ್ ಆರುವುದು. ಮರುದಿನ ಬೇರೆ ವರ್ಗ, ಬೇರೆ ಹುಡುಗಿಯರು, ಮತ್ತೆ ಮೊದಲ ಮಗ್ಗುಲು.

ಸ್ವಿಚ್ ಆರಿಸಿದ ಮೇಲೆ ನಾನು ಎಲ್ಲಿಗೆ ಹೋಗುತ್ತೇನೆ ಎಂದು ಯಾರೂ ಕೇಳಲಿಲ್ಲ. ಎಲ್ಲಿಗೂ ಇಲ್ಲ. ಬಾವಿಕಟ್ಟೆಯ ಮೇಲೇ. ಹಿಂದೆ ಇಪ್ಪತ್ನಾಲ್ಕು ಕೋಣೆ, ಸೊಂಟದ ಮೇಲೆ ತುಂಬಿದ ಕೊಡ, ಮುಂದೆ ಹೆಜ್ಜೆ ಇಡಿಸುವ ಬೆರಳಿಲ್ಲ. ಐದು ವರ್ಷ ನೂರಾರು ಹುಡುಗಿಯರು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಕರೆದುಕೊಂಡು ಬಂದವಳು ಒಬ್ಬಳೂ ಇಲ್ಲ. ಕೊಡ ಹೊತ್ತ ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಆ ಹುಡುಗಿಯರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿಸುತ್ತಿದ್ದವಳು ಮೆಹರುನ್ನಿಸಾ ನದಾಫ. ಹಾಸಿಗೆ ಹತ್ತಿ ಹಿಂಜುವವರ ಮಗಳು. ಅವಳ ಕೈಯಲ್ಲಿ ನಾನು ಬೀಳುತ್ತಲೇ ಇರಲಿಲ್ಲ. ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದಾಗ ಅಕ್ಕಾರು ಕ್ಯಾಸೆಟ್ಟನ್ನು ಅವಳಿಗೇ ಕೊಟ್ಟರು. ಹೀಗೆ ನಾನು ಹುಬ್ಬಳ್ಳಿಯ ಒಂದು ಮನೆಯ ಕಪಾಟಿಗೆ ಬಂದೆ. ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಟೇಪ್ ರೆಕಾರ್ಡರ್ ಇತ್ತು. ಮರುವರ್ಷ ಮೆಹರಳ ಅಕ್ಕನ ಲಗ್ನ. ಮನೆತುಂಬ ಹೆಂಗಸರು, ಢೋಲಕ್ಕು, ಹಾಡು. ಖಾಲಿ ಕ್ಯಾಸೆಟ್ ಯಾವುದಿದೆ ಎಂದು ಹುಡುಕಿದರು. ಹಿಂದಿನ ಮಗ್ಗುಲಲ್ಲಿ ಏನೂ ಇಲ್ಲ ಎಂದುಕೊಂಡು ಮೆಹರಳೇ ನನ್ನನ್ನು ತಿರುಗಿಸಿ ಹಾಕಿದಳು.

ಒಬ್ಬರಾದರೂ ತಿರುಗಿಸಿದರಲ್ಲ ಎಂದು ನನಗೆ ಒಂದು ಕ್ಷಣ ಹಿಗ್ಗಾಯಿತು. ಆಮೇಲೆ ಢೋಲಕ್ಕಿನ ಮೊದಲ ಪೆಟ್ಟು ಬಿತ್ತು. ನಾನು ಮರಳಿ ಬರಬೇಕಾದ ಕೋಣೆಗಳು ಒಂದೊಂದಾಗಿ ಹಾಡಿನ ಕೆಳಗೆ ಅಳಿದುಹೋದವು. ಹಾಡುಗಳು ಚೆನ್ನಾಗಿದ್ದವು, ಅದನ್ನು ಇಲ್ಲವೆನ್ನಲಾರೆ.

ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷ ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಇದ್ದೆ. ಆ ಕಾಲದ ಬಗ್ಗೆ ಹೇಳುವುದಕ್ಕೆ ಏನಿದೆ? ಕಂದು ಪಟ್ಟಿಯಲ್ಲಿ ಸುತ್ತಿಕೊಂಡು ಮಲಗಿದ್ದೆ. ಕೊಡ ಇಳಿಸಲಿಲ್ಲ.

ಮೆಹರು ಓದಿ, ಊರೂರು ತಿರುಗಿ ಕೆಲಸ ಕಲಿತು, ಹುಬ್ಬಳ್ಳಿಗೇ ಬಂದು ಆಟ ತಯಾರಿಸುವ ಸಣ್ಣ ಕಂಪನಿ ತೆರೆದಳು. ಅವಳಿಗೆ ಆಗ ನಲವತ್ಮೂರು ದಾಟಿತ್ತು. ಅದೇ ಆಟವನ್ನು ಹೊಸದಾಗಿ ಮಾಡಬೇಕೆಂದು ಡಬ್ಬಿ ತೆರೆದು, ಹಳೆಯ ಯಂತ್ರ ಇಟ್ಟುಕೊಂಡವರೊಬ್ಬರನ್ನು ಹುಡುಕಿ ನನ್ನನ್ನು ಹೊರಗೆ ತೆಗೆದಳು. ಚಿತ್ರ ಬರೆಯುವ ಕೆಲಸ ಬಸವಂತ ಕುಸುಗಲ್ಲ ಎಂಬವನದು. ಮೂವತ್ತರ ಆಸುಪಾಸು, ಮಾತು ಕಡಿಮೆ, ಕೈ ಬಂಗಾರ. ಅವನು ನನಗೆ ಎರಡು ಕಣ್ಣು ಕೊಟ್ಟ, ರೆಪ್ಪೆ ಕೊಟ್ಟ, ಓಡಿದರೆ ಬೆನ್ನಿಗೆ ಬಡಿಯುವ ಜಡೆ ಕೊಟ್ಟ. ಬೆವರನ್ನೂ ಕೊಟ್ಟ. ಹಳೆಯ ಆಟದ ಅರ್ಧರ್ಧ ಗೋಡೆಗಳು ಆ ಕಾಲದ ಯಂತ್ರದ ಬಡತನ ಎಂದು ತಿಳಿದು, ಒಂದೊಂದು ಕಲ್ಲನ್ನೂ ಕೂರಿಸಿ ಕೋಟೆಯನ್ನು ಪೂರ್ತಿ ಕಟ್ಟಿದ. ಒಂದು ವರ್ಷದ ಕೆಲಸ. ನಾನು ಬಾವಿ ಮುಟ್ಟಿದ ಕೂಡಲೇ ಹಿಂದಿನ ಬಾಗಿಲು ಧಡಾರೆಂದು ಮುಚ್ಚಿ, ಆಕಾಶದಲ್ಲಿ ಬಾಣಬಿರುಸು ಹಾರಿ, ಆಟ ಮುಗಿಯುವುದು.

ಮೊದಲು ಹಿಂದೆ ದಾರಿಯಾದರೂ ಇತ್ತು. ಈಗ ಕಬ್ಬಿಣದ ಕದ. ಎರಡು ಕಣ್ಣು ಬಂದದ್ದರಿಂದ ಅದು ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು. ಇನ್ನು ಹದಿನೈದು ದಿನಕ್ಕೆ ಆಟ ಹೊರಬೀಳುವುದಿತ್ತು. ಬಿದ್ದರೆ ಸಾವಿರ ಮನೆಗಳಲ್ಲಿ ಸಾವಿರ ನಾನು, ಎಲ್ಲರೂ ಆ ಕದದ ಒಳಗೆ.

ಆಟದ ಮೊದಲ ಪುಟದಲ್ಲಿ ಅಕ್ಕಾರ ಹೆಸರು ಹಾಕಬೇಕು, ಅವರ ಒಪ್ಪಿಗೆ ಬೇಕು ಎಂದು ಮೆಹರು ಒಂದು ಮಧ್ಯಾಹ್ನ ಧಾರವಾಡಕ್ಕೆ ಹೋಗಿ ಅವರನ್ನು ಕಚೇರಿಗೆ ಕರೆತಂದಳು. ಎಪ್ಪತ್ತಾರು ವರ್ಷ, ದಪ್ಪ ಕನ್ನಡಕ. ದೊಡ್ಡ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಮೆಹರಳೇ ಆಡಿ ತೋರಿಸಿದಳು. ಬಾವಲಿ ಬಂದಾಗ ಅಕ್ಕಾರು ನಕ್ಕರು. ನನ್ನ ಜಡೆ ನೋಡಿ, ಇದಕ್ಕೆ ಎಣ್ಣೆ ಯಾರು ಹಚ್ಚುತ್ತಾರೆ ಎಂದು ಕೇಳಿದರು. ಬಾಣಬಿರುಸು ಹಾರಿತು. ಬಸವಂತ ಚಪ್ಪಾಳೆಗಾಗಿ ಕಾದ.

ಅಕ್ಕಾರು ಪರದೆಯನ್ನೇ ನೋಡುತ್ತಿದ್ದರು. "ಮುಂದ?" ಎಂದರು.

"ಮುಂದೇನಿಲ್ರೀ ಅಕ್ಕಾರ. ಮುಗೀತು," ಎಂದಳು ಮೆಹರು.

"ನೀರು ತರಾಕ ಹೋದಾಕಿ ಬಾವಿ ಕಟ್ಟಿ ಮ್ಯಾಲೆ ನಿಂತ್ರ ಮುಗೀತೇನು? ಮನ್ಯಾಗ ಕಾಯೋರು ಏನು ಕುಡೀಬೇಕವ್ವಾ?"

ಹಿಂದಿನ ಮಗ್ಗುಲು ಹಾಕಿ ನೋಡಲಿಲ್ಲವೇ ಎಂದು ಅಕ್ಕಾರು ಕೇಳಿದರು. ನಲವತ್ನಾಲ್ಕರ ಮೆಹರು ಏಳನೆಯ ಇಯತ್ತೆಯ ಹುಡುಗಿಯ ಹಾಗೆ ಎದ್ದು ನಿಂತಳು.

"ಅಕ್ಕಾರ, ಅದರಾಗ ನಾ ನಮ್ಮ ಅಕ್ಕನ ಲಗ್ನದ ಹಾಡು ತುಂಬೇನ್ರಿ."

ಅಕ್ಕಾರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಹಾಡರ ಚಲೋ ಬಂದಾವೇನು?"

ಮೆಹರು ಹೌದೆಂದು ತಲೆಯಾಡಿಸಿದಳು. ಅಕ್ಕಾರು ಬೈಯಲಿಲ್ಲ. ತಪ್ಪು ತನ್ನದೂ ಇದೆ, ಬಾಯಿಬಿಟ್ಟು ಹೇಳಬೇಕಿತ್ತು, ಹೇಳದೆ ಕಲಿಸುವುದು ಎಂಥ ಕಲಿಸುವುದು ಎಂದರು. ಆಮೇಲೆ ಬಸವಂತನಿಗೆ, ಗೋಡೆ ಚಂದ ಕಟ್ಟೀಯಪ್ಪ, ಆದರೆ ಆ ಖಾಲಿ ಜಾಗ ನಾನೇ ಬಿಟ್ಟದ್ದು ಎಂದರು.

ಬಸವಂತನಿಗೆ ಅದು ಹಿಡಿಸಲಿಲ್ಲ. ಹೋದ ದಾರಿಯಲ್ಲೇ ವಾಪಸು ಬರುವುದು ಆಡುವವರಿಗೆ ಬೇಸರ, ಅರ್ಧದಲ್ಲೇ ಬಿಟ್ಟು ಎದ್ದುಹೋಗುತ್ತಾರೆ ಎಂದು ವಾದಿಸಿದ. ಹದಿನೈದು ದಿನ ಉಳಿದಿದೆ ಎಂದೂ ನೆನಪಿಸಿದ. ಅವನ ಮಾತಿನಲ್ಲಿ ನ್ಯಾಯವಿತ್ತು. ನಾನು ಕದದ ಒಳಗೆ ಕೊಡ ಹೊತ್ತು ನಿಂತು ಮೂವರ ಮುಖವನ್ನೂ ನೋಡುತ್ತಿದ್ದೆ. ನನ್ನ ಇಡೀ ಜೀವಮಾನ ಆ ಕಚೇರಿಯ ಮೂರು ಕುರ್ಚಿಗಳ ನಡುವೆ ಇತ್ತು.

ಅಕ್ಕಾರು ವಾದಕ್ಕೆ ಹೋಗಲಿಲ್ಲ. ಕೈಚೀಲದಿಂದ ಸೂಜಿ ದಾರ ತೆಗೆದು, ಅಲ್ಲೇ ಕರವಸ್ತ್ರದ ಮೇಲೆ ಕಸೂತಿಯ ಗವಂತಿ ಹೊಲಿಗೆ ಹಾಕಿ ತೋರಿಸಿದರು. ಕಣ್ಣು ಮಂದ, ಆದರೆ ಬೆರಳಿಗೆ ಗೊತ್ತು. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುವುದು. ಬಟ್ಟೆಯ ಮೇಲೆ ಏನೂ ಅರ್ಥವಾಗದ ತುಣುಕು ಗೆರೆಗಳು ಬಿದ್ದವು. ತುದಿ ಮುಟ್ಟಿ ಅದೇ ದಾರಿಯಲ್ಲಿ ಮರಳಿದರು. ಬಿಟ್ಟ ಜಾಗದಲ್ಲೆಲ್ಲ ಸೂಜಿ ಇಳಿಯುತ್ತ ಬಂತು. ಶುರುಮಾಡಿದಲ್ಲಿಗೇ ದಾರ ಬಂದು ನಿಂತಾಗ ಒಂದು ಗೋಪುರ ಆಗಿತ್ತು. ತಿರುಗಿಸಿದರೆ ಆ ಕಡೆಯೂ ಅದೇ ಗೋಪುರ. ಗಂಟು ಎಲ್ಲೂ ಇರಲಿಲ್ಲ.

ನಾನು ಮಾಡಿದ ಆಟವೂ ಅಷ್ಟೇ ಎಂದರು ಅಕ್ಕಾರು. ಬರುವಾಗ ಆ ಹೆಣ್ಣುಮಗಳ ಕೈಯಲ್ಲಿ ಕೊಡ, ಕವಣೆ ಬೀಸುವ ಹಾಗಿಲ್ಲ, ಹಾರುವ ಹಾಗಿಲ್ಲ. ಕೊಡ ತುಳುಕಿ ಹನಿ ಬಿದ್ದಲ್ಲಿ ಬಿಟ್ಟ ಕಲ್ಲು ತುಂಬಿಕೊಳ್ಳುತ್ತದೆ, ದಾರಿಯಾಗುತ್ತದೆ. ಹೆಚ್ಚು ತುಳುಕಿಸಿದರೆ ಮನೆಗೆ ನೀರಿಲ್ಲ. ಅವಳು ಹೊರಗೆ ಬರುವ ಹೊತ್ತಿಗೆ ಕೋಟೆ ಪೂರ್ತಿಯಾಗಿರುತ್ತದೆ.

ಬಸವಂತ ಕರವಸ್ತ್ರವನ್ನು ಇಸಿದುಕೊಂಡು ಹಿಂದೆ ಮುಂದೆ ನೋಡಿದ. ಮತ್ತೆ ನೋಡಿದ. "ಹಂಗಾರ ನಾ ವರ್ಷಪೂರ್ತಿ ಕಟ್ಟಿದ್ದನ್ನ ಕೆಡವಬೇಕಲ್ರೀ," ಎಂದ.

"ಅರ್ಧ ಕೆಡವು ಸಾಕು. ಉಳಿದರ್ಧ ಆಕಿನ ಕಟ್ಟತಾಳ."

ಮೆಹರು ಅಂದೇ ಆಟಕ್ಕೆ ಹಣ ಹಾಕಿದವರಿಗೆಲ್ಲ ಕಾಗದ ಬರೆದು ಆಟವನ್ನು ಐದು ತಿಂಗಳು ಮುಂದೂಡಿದಳು. ಅವಳ ಹೆಸರಿಗೆ ಅದು ಒಳ್ಳೆಯದಾಗಲಿಲ್ಲ, ಕೆಲವರು ಕೈಬಿಟ್ಟರು. ಅಳಿದುಹೋದ ಇಪ್ಪತ್ನಾಲ್ಕು ಕೋಣೆಗಳನ್ನು ಅಕ್ಕಾರು ನೆನಪಿನಿಂದ ಮತ್ತೆ ಬರೆದರು. ಚೌಕ ಎಣಿಸುವುದು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಮೆಹರು ಗಟ್ಟಿಯಾಗಿ ಎಣಿಸುವಳು, ಅಕ್ಕಾರು ಗೆರೆ ಎಳೆಯುವರು. ಒಂಬತ್ತನೆಯ ಕೋಣೆ ಎಷ್ಟು ಮಾಡಿದರೂ ನೆನಪಾಗಲಿಲ್ಲ. ಅದನ್ನು ಹೊಸದಾಗಿ ಮಾಡಿದರು. ಅಲ್ಲಿ ಗೋಡೆಯ ಆಚೆಯಿಂದ ಸಣ್ಣಗೆ ಢೋಲಕ್ಕು ಕೇಳಿಸುತ್ತದೆ. ಅದು ಅಕ್ಕಾರ ಮಾತಿಗೆ ಮೆಹರು ಒಪ್ಪಿ ಇಟ್ಟದ್ದು.

ಕೋಟೆಯ ಹೊರಗೆ ಏನು ಬರೆಯಲಿ ಎಂದು ಬಸವಂತ ಕೇಳಿದ. ತೋಟವೇ, ಅರಮನೆಯೇ, ಮೆರವಣಿಗೆಯೇ? ನಿಮ್ಮ ಓಣಿಗೆ ನೀರು ಬರುವ ದಿನ ನೋಡಿಲ್ಲವೇ, ಅದನ್ನೇ ಬರಿ ಎಂದರು ಅಕ್ಕಾರು.

ಮೊದಲು ಆಡಿದವರು ಅವರೇ. ಕೈಬೆರಳಿಗೆ ವಾತ, ಕಚೇರಿಗೆ ಬಂದು ದಿನಕ್ಕೆ ಎರಡು ಕೋಣೆ ಆಡುವರು, ಚಹಾ ಕುಡಿದು ಹೋಗುವರು. ನಾನು ಹಾವಿಗೆ ಸಿಕ್ಕೆ, ಕುಣಿಗೆ ಬಿದ್ದೆ, ಒಮ್ಮೆ ಅರ್ಧ ಕೊಡ ಚೆಲ್ಲಿದೆ. ಅವರು ಬೇಸರಪಡಲಿಲ್ಲ, ಬಿಚ್ಚಿ ಮತ್ತೆ ಹಾಕುವ ಅಭ್ಯಾಸ ಅವರಿಗೆ. ಬಾವಿಕಟ್ಟೆಯಿಂದ ಕೆಳಗಿಳಿದ ನನ್ನ ಮೊದಲ ಹೆಜ್ಜೆ ಒಂದು ಸೋಮವಾರ. ಮೂವತ್ನಾಲ್ಕು ವರ್ಷ ಒಂದೇ ಕಡೆ ನಿಂತ ಕಾಲು, ಅದು ನಡುಗಿತು ಎಂದರೆ ನೀವು ನಗಬೇಡಿ. ನನ್ನ ಹಿಂದೆ ಒಂದೊಂದೇ ಕಲ್ಲು ಕೂಡಿಕೊಳ್ಳುತ್ತ ಬಂತು.

ಹನ್ನೆರಡನೆಯ ದಿನ ಕೋಟೆಯ ಬಾಗಿಲು ದಾಟಿದೆ.

ಹೊರಗೆ ಬಿಸಿಲು. ಓಣಿಯುದ್ದಕ್ಕೂ ಪಾಳಿಗೆ ಇಟ್ಟ ಕೊಡಪಾನಗಳು: ಹಸಿರು ಪ್ಲಾಸ್ಟಿಕ್ಕಿನವು, ಸೊಟ್ಟಗಾದ ಹಿತ್ತಾಳೆಯದು, ಎಣ್ಣೆಯ ಡಬ್ಬ, ಯಾರೋ ತಮ್ಮ ಜಾಗಕ್ಕೆಂದು ಇಟ್ಟ ಒಂದು ಇಟ್ಟಿಗೆ. ಇಷ್ಟು ವರ್ಷ ಕಾಯುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ನಾನು ಒಳಗೆ ಎಷ್ಟು ಕಾಲ ಇದ್ದೆನೋ ಅಷ್ಟೇ ಕಾಲ ಇವೂ ಇಲ್ಲಿ ಖಾಲಿ ಇದ್ದಿರಬೇಕು. ಅಕ್ಕಾರು ನನ್ನನ್ನು ಬಗ್ಗಿಸಿದರು. ಒಂದೊಂದಕ್ಕೂ ಒಂದೊಂದು ಬೊಗಸೆಯಷ್ಟು ಸುರಿಯುತ್ತ ಹೋದೆ. ಹಿತ್ತಾಳೆಯದಕ್ಕೆ ಬರುವಷ್ಟರಲ್ಲಿ ನೀರು ತಳ ಕಂಡಿತು.

ಈಗ ಜನ ನನ್ನನ್ನು ಎಲ್ಲೆಲ್ಲೋ ಆಡಿಸುತ್ತಾರೆ. ಕೆಲವರು ಬಾವಿಯ ಹತ್ತಿರವೇ ಬಿಟ್ಟು ಎದ್ದುಹೋಗುತ್ತಾರೆ, ಬಸವಂತ ಹೇಳಿದ್ದು ಸುಳ್ಳಲ್ಲ. ಅಲ್ಲಿ ನಿಲ್ಲುವುದು ನನಗೆ ಹೊಸದಲ್ಲ, ನಿಲ್ಲುತ್ತೇನೆ. ಆದರೆ ಮೊದಲ ಸಲ ಹೊರಗೆ ಬಂದ ಆ ದಿನ ನನ್ನನ್ನು ಯಾರೂ ಒಳಗೆ ಕಳಿಸಲಿಲ್ಲ. ಅಕ್ಕಾರು ಕೈ ನೀವಿಕೊಳ್ಳುತ್ತ ಪರದೆಯ ಮುಂದೆ ಸುಮ್ಮನೆ ಕುಳಿತಿದ್ದರು. ನನ್ನ ಕೊಡ ಖಾಲಿಯಾಗಿತ್ತು. ಪಾಳಿಯಲ್ಲಿ ಇನ್ನೂ ಹನ್ನೊಂದು ಕೊಡಪಾನ ಉಳಿದಿದ್ದವು. ನಾನೇ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಕೋಟೆಯ ಕಡೆಗೆ ಮುಖ ತಿರುಗಿಸಿದೆ.