ಕಾಂಪೊಂಗ್ ಏನೋ ಒಂದು

ಬ್ರೀಡಾ ಐರ್ಲೆಂಡಿನ ಲಿಮರಿಕ್ ಊರಲ್ಲಿ ಸಿಟಿ ಬಸ್ಸು ಓಡಿಸುವವಳು. ಹರೆಯದಲ್ಲಿ ಅವಳೂ ಗೆಳತಿ ಡಿಂಪ್ನಾಳೂ ಒಂದೇ ಬಾಡಿಗೆ ಕೋಣೆಯಲ್ಲಿದ್ದು, ಇದ್ದ ಒಂದೇ ಒಂದು ಒಳ್ಳೆಯ ಕೋಟನ್ನು ಸರದಿಯ ಮೇಲೆ ತೊಟ್ಟವರು. ಆಮೇಲೆ ಡಿಂಪ್ನಾ ಗಂಡ ಫರ್ಗಲ್ ಜೊತೆ ಕಾಂಬೋಡಿಯಾದ ನಾಮ್ ಪೆನ್‌ಗೆ ಹೋಗಿ ಅಲ್ಲೇ ನೆಲೆಸಿದಳು. ವರ್ಷವರ್ಷವೂ ಅವಳ ಫೋನು ಬರುತ್ತಿತ್ತು: “ಬಾರೇ, ಬದುಕು ಅಂದ್ರೆ ಏನು ಅಂತ ಬಂದು ನೋಡೇ.” ಈ ಸಲ ಬ್ರೀಡಾ ರಜೆ ಹಾಕಿ ಬಂದೇಬಿಟ್ಟಳು.

ವಿಮಾನ ನಿಲ್ದಾಣದಲ್ಲಿ ಡಿಂಪ್ನಾ ರೇಷ್ಮೆಯ ಲುಂಗಿ ಉಟ್ಟು, ಕೊರಳಿಗೆ ಚೌಕಳಿ ಶಾಲು ಸುತ್ತಿಕೊಂಡು ನಿಂತಿದ್ದಳು. ಅವಳ ಸುತ್ತ ಇದ್ದ ಅಲ್ಲಿಯದೇ ಖ್ಮೇರ್ ಹೆಂಗಸರೆಲ್ಲ ಜೀನ್ಸ್ ತೊಟ್ಟಿದ್ದರು.

“ನಮ್ಮನ್ನ ಪರದೇಶದವರು ಅಂತ ಮಾತ್ರ ಅನ್ಬೇಡ ಕಣೇ,” ಅಂದಳು ತಬ್ಬಿಕೊಂಡು. “ಆ ಜನಾನೇ ಬೇರೆ. ನಾವು ಇಲ್ಲಿಯವರೇ ಆಗ್ಹೋಗಿದೀವಿ.”

ಇಲ್ಲಿಯವರಾದ ಇವರು ಇರುತ್ತಿದ್ದದ್ದು ನದಿ ಕಾಣುವ ಎತ್ತರದ ಮಹಡಿಯಲ್ಲಿ. ಕೆಳಗೆ ಗೇಟು, ಗೇಟಿಗೊಬ್ಬ ಕಾವಲುಗಾರ, ಒಳಗೆ ಈಜುಕೊಳ. ಮೊದಲ ಸಂಜೆ ಊಟಕ್ಕೆ ಬಂದ ಗೆಳೆಯರಲ್ಲಿ ಇಬ್ಬರು ಇಂಗ್ಲೆಂಡಿನವರು, ಒಬ್ಬ ಆಸ್ಟ್ರೇಲಿಯಾದವನು, ಒಬ್ಬಳು ಬೆಲ್ಜಿಯಮ್ಮಿನವಳು. ಯಾರು ಎಷ್ಟು ವರ್ಷದಿಂದ ಇದ್ದಾರೆ ಅನ್ನುವುದೇ ಅಲ್ಲಿ ಮಾತು. ಹೆಚ್ಚು ವರ್ಷ ಇದ್ದವರು ಕಡಿಮೆ ವರ್ಷ ಇದ್ದವರನ್ನು ಕಂಡು ಮರುಕಪಟ್ಟರು. ಆಮೇಲೆ ಎಲ್ಲರೂ ಸೇರಿ ಅಡುಗೆಯವರನ್ನು ಬೈದರು, ಟುಕ್‌ಟುಕ್ಕಿನವರನ್ನು ಬೈದರು, ಹೊಸದಾಗಿ ಬರುತ್ತಿರುವ ವಿದೇಶಿಯರಿಂದ ಊರೇ ಕೆಟ್ಟುಹೋಯಿತೆಂದು ನಿಟ್ಟುಸಿರಿಟ್ಟರು. ಮರುದಿನ ಹೋಟೆಲಿನಲ್ಲಿ ಫರ್ಗಲ್ ಎದೆಯುಬ್ಬಿಸಿ ಖ್ಮೇರ್ ಭಾಷೆಯಲ್ಲಿ ಬಿಯರ್ ಕೇಳಿದ. ಮಾಣಿ ಇಂಗ್ಲಿಷಿನಲ್ಲಿ, “ಸಾರ್, ಇನ್ನೊಂದ್ಸಲ ಹೇಳ್ತೀರಾ?” ಅಂದ. ಬ್ರೀಡಾ ನಗು ತಡೆಯಲಾರದೆ ಕರವಸ್ತ್ರ ಬಾಯಿಗೊತ್ತಿಕೊಂಡಳು.

ಮನೆಯ ಅಡುಗೆ, ಒಗೆತ, ಸಾಮಾನು ತರುವುದು, ನೀರಿನವನ ಜೊತೆ ಮಾತಾಡುವುದು ಎಲ್ಲವೂ ಮಾಲಿಸ್ ಎಂಬ ಹುಡುಗಿಯದು. “ನಮ್ಮನೆ ಮಗಳಿದ್ದ ಹಾಗೆ,” ಎಂದು ಡಿಂಪ್ನಾ ಬಂದವರಿಗೆಲ್ಲ ಹೇಳುವಳು. ಸತ್ತ ಹಿರಿಯರಿಗೆ ಉಣಿಸುವ ಪ್ಚುಮ್ ಬೆನ್ ಹಬ್ಬ ಬಂತು. ಊರಿಗೂರೇ ಖಾಲಿಯಾಗಿ ಹಳ್ಳಿಗಳ ಕಡೆ ಹೊರಟಿತು. ಮಾಲಿಸ್‌ಳೂ ಹೊರಟಳು.

“ಅವಳ ಊರು ಯಾವುದು?” ಬ್ರೀಡಾ ಕೇಳಿದಳು.

“ಕಾಂಪೊಂಗ್... ಏನೋ ಒಂದು.”

“ನಕಾಶೆ ನೋಡ್ದೆ ಕಣೇ. ಈ ದೇಶದಲ್ಲಿ ಎಲ್ಲಿ ಕೈಯಿಟ್ರೂ ಕಾಂಪೊಂಗ್ ಅನ್ನೋ ಊರೇ ಸಿಗತ್ತೆ. ಮಗಳು ಯಾವ ಕಾಂಪೊಂಗಲ್ಲಿ ಹುಟ್ಟಿದ್ದು ಅಂತ ತಾಯಿಗೆ ಗೊತ್ತಿಲ್ವಾ?”

ಡಿಂಪ್ನಾ ಮುಖ ತಿರುಗಿಸಿದಳು. ಹುಡುಗಿ ಹೋದ ಮರುದಿನವೇ ಅನ್ನ ತಳ ಹಿಡಿಯಿತು, ಪಾತ್ರೆಗಳು ತೊಟ್ಟಿಯಿಂದ ಉಕ್ಕಿದವು, ಕುಡಿಯುವ ನೀರು ಮುಗಿಯಿತು. ನೀರಿನವನಿಗೆ ಫೋನು ಮಾಡಿದ ಫರ್ಗಲ್ ಹತ್ತು ಮಾತಾಡಿ, ಕೊನೆಗೆ ಬೆವರು ಒರೆಸಿಕೊಂಡು, “ಇವನದು ಹಳ್ಳಿ ಕಡೆಯ ಉಚ್ಚಾರ,” ಅಂದ.

“ಮಾಲಿಸ್ ಪ್ರತಿವರ್ಷ ಹಬ್ಬಕ್ಕೆ ಕರೀತಾಳೆ ಅಂದ್ಯಲ್ಲ, ಹೋಗೋಣ ನಡಿ,” ಅಂದಳು ಬ್ರೀಡಾ. “ಇಲ್ಲಿ ಉಪವಾಸ ಕೂತು ಏನು ಮಾಡೋದು?”

ಅವಳು ಬಿಡಲಿಲ್ಲ. ಡಿಂಪ್ನಾ ಫೋನು ಮಾಡಿದಾಗ ಮಾಲಿಸ್, “ನಿಜವಾಗ್ಲೂ ಬರ್ತೀರಾ?” ಎಂದು ಎರಡು ಸಲ ಕೇಳಿದಳು. ಆಮೇಲೆ ದಾರಿ ಹೇಳಿದಳು. ಕಾಂಪೊಂಗ್ ಥೋಮ್‌ನ ಆಚೆ. ಬಾಡಿಗೆ ಕಾರು ಮಾಡಿಕೊಂಡು ಮೂವರೂ ಹೋದರು.

ಹಳ್ಳಿಯವರೆಲ್ಲ ಪಗೋಡದಲ್ಲಿದ್ದರು. ಚಾಪೆಗಳ ಮೇಲೆ ಜನ, ಅನ್ನದ ಡಬ್ಬಿಗಳು, ಬಾಳೆಎಲೆಯಲ್ಲಿ ಕಟ್ಟಿದ ಅಕ್ಕಿ ಕಡುಬಿನ ರಾಶಿ. ಇವರಿಗಾಗಿ ಮೂರು ಪ್ಲಾಸ್ಟಿಕ್ ಕುರ್ಚಿ ತಂದು ಒಂದು ಪಕ್ಕಕ್ಕೆ ಹಾಕಿ, ಇದ್ದೊಂದು ಫ್ಯಾನನ್ನು ಇವರ ಕಡೆ ತಿರುಗಿಸಿದರು. ಡಿಂಪ್ನಾ ಕುಳಿತುಕೊಳ್ಳದೆ ಎಲ್ಲರ ಎದುರೂ ನಿಂತು, ಜೋಡಿಸಿದ ಕೈಯನ್ನು ಹಣೆಯ ಮೇಲಕ್ಕೆತ್ತಿ ಬಾಗಿದಳು. ಮಕ್ಕಳಿಗೂ ಹಾಗೆಯೇ ಬಾಗಿದಳು. ಮಕ್ಕಳು ಕಿಸಕಿಸ ನಕ್ಕವು.

ಮಾಲಿಸ್ ಹತ್ತಿರ ಬಂದು ಪಿಸುಗುಟ್ಟಿದಳು: “ಮೇಡಂ, ಕೈ ಅಷ್ಟು ಮೇಲೆ ಎತ್ತೋದು ಭಿಕ್ಷುಗಳಿಗೆ ಮಾತ್ರ.”

“ಗೊತ್ತು, ಗೊತ್ತು,” ಅಂದಳು ಡಿಂಪ್ನಾ. ಆಮೇಲೂ ಹಾಗೆಯೇ ಎತ್ತಿದಳು.

ಮಾಲಿಸ್‌ಳ ತಾಯಿ ಗುಂಡಗಿನ ಮುಖದ ಹೆಂಗಸು. ಮಗಳ ಬಾಯಲ್ಲಿ ಕೇಳಿಸಿದಳು: “ನಿಮ್ಮಲ್ಲಿ ತೀರಿಕೊಂಡವರು ಇದ್ರೆ ಹೆಸರು ಹೇಳಿ. ಭಿಕ್ಷುಗಳು ಅವರಿಗೋಸ್ಕರಾನೂ ಮಂತ್ರ ಓದ್ತಾರೆ.”

ಡಿಂಪ್ನಾಳ ಕಣ್ಣು ತುಂಬಿ ಬಂತು. “ನಮ್ಮಮ್ಮ, ಕಾನ್ಸೆಪ್ಟಾ. ಈ ವಸಂತದಲ್ಲಿ ಹೋಗ್ಬಿಟ್ಳು,” ಅಂದು ಅಲ್ಲೇ ಚಾಪೆಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಮುದುಕಿಯರು ಎದ್ದು ಬಂದು ಸುತ್ತ ಕೂತು ಅವಳ ಬೆನ್ನು ಸವರಿದರು. ಮಾಲಿಸ್‌ಳ ತಾಯಿ ಕೈ ಹಿಡಿದುಕೊಂಡು ಏನೋ ಕೇಳಿದಳು.

“ಕೊನೇಲಿ ನೀವು ಹತ್ರ ಇದ್ರಾ ಅಂತ ಕೇಳ್ತಿದಾರೆ,” ಅಂದಳು ಮಾಲಿಸ್.

ಡಿಂಪ್ನಾ ಕಣ್ಣೊರೆಸಿಕೊಂಡು, “ಇದ್ದೆ,” ಅಂದಳು. “ಅಮ್ಮನ ಕೈ ಹಿಡ್ಕೊಂಡೇ ಇದ್ದೆ.”

ಬ್ರೀಡಾಳ ಮೈಯೆಲ್ಲ ಉರಿದುಹೋಯಿತು. ಆ ವಸಂತದಲ್ಲಿ ಪಾಳಿ ಮುಗಿಸಿ ಬಸ್ಸಿನ ಸಮವಸ್ತ್ರದಲ್ಲೇ ಆಸ್ಪತ್ರೆಗೆ ಓಡುತ್ತಿದ್ದವಳು ಅವಳು. ಕಾನ್ಸೆಪ್ಟಾಳ ಒಣಗಿದ ತುಟಿಗೆ ನೀರು ಹಚ್ಚಿದವಳು ಅವಳು. ಮಗಳು ಕಳಿಸಿದ್ದು ಒಂದು ವಿಡಿಯೋ: ಹಿಂದೆ ನದಿ, ಸೂರ್ಯಾಸ್ತ, ಮುಂದೆ ಕಣ್ಣೊರೆಸಿಕೊಳ್ಳುವ ಡಿಂಪ್ನಾ. ಚರ್ಚಿನಲ್ಲಿ ಅದನ್ನು ಹಾಕಿದಾಗ ಊರವರು ತಲೆ ತಗ್ಗಿಸಿ ಕುಳಿತಿದ್ದರು. ವಿಮಾನದ ಟಿಕೆಟ್ಟು ಸಿಗಲಿಲ್ಲವಂತೆ. ಅದೇ ತಿಂಗಳು ಗಂಡಹೆಂಡಿರಿಗೆ ಬಾಲಿಗೆ ಹೋಗಲು ಸಿಕ್ಕಿತ್ತು.

“ಆ ಕೈ ಹಿಡ್ಕೊಂಡಿದ್ದು ನಾನು,” ಅಂದಳು ಬ್ರೀಡಾ. “ನೀನು ಬರ್ಲೇ ಇಲ್ಲ.”

ಡಿಂಪ್ನಾಳ ಅಳು ತಟ್ಟನೆ ನಿಂತಿತು. ಏನಂದಳೆಂದು ತಾಯಿ ಮಗಳನ್ನು ಕೇಳಿದಳು. ಮಾಲಿಸ್ ಇಬ್ಬರ ಮುಖವನ್ನೂ ನೋಡಿ, ತಲೆ ತಗ್ಗಿಸಿ, ಇದ್ದದ್ದನ್ನು ಹೇಳಿದಳು. ತಾಯಿ ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಡಿಂಪ್ನಾಳ ಕೈಯನ್ನು ಮೆಲ್ಲಗೆ ಅವಳದೇ ಮಡಿಲಲ್ಲಿಟ್ಟು, ಬ್ರೀಡಾಳ ತೋಳು ಹಿಡಿದು ಭಿಕ್ಷುಗಳ ಮುಂದೆ ಕರೆದುಕೊಂಡು ಹೋದಳು. ಬ್ರೀಡಾಳಿಗೆ ಹೇಗೆ ಕೂರಬೇಕೆಂದೂ ತಿಳಿಯದು. ಕಾಲು ಒಂದು ಪಕ್ಕಕ್ಕೆ ಮಡಚಿ ಕುಳಿತು, “ಕಾನ್ಸೆಪ್ಟಾ,” ಅಂದಳು. ಭಿಕ್ಷುಗಳು ಓದತೊಡಗಿದರು.

ವಾಪಸು ಬರುವಾಗ ಕಾರಿನಲ್ಲಿ ಡಿಂಪ್ನಾ ಸಿಡಿದಳು. “ಎಲ್ಲರೆದುರು ನನ್ನ ಮಾನ ಕಳೆದ್ಯಲ್ಲೇ!”

“ಮಾನ ಹೋಗೋಕೆ ನೀನ್ಯಾರು ಅಂತಾದ್ರೂ ಅವರಿಗೆ ಗೊತ್ತಿರ್ಬೇಕಲ್ಲ.”

ಮುಂದಿನ ಸೀಟಿನಿಂದ ಫರ್ಗಲ್ ತಿರುಗಿದ. “ನಮ್ಮ ಸಂಸ್ಕೃತೀಲಿ, ಬ್ರೀಡಾ, ಇನ್ನೊಬ್ಬರ ಮುಖ ಮುರಿಯೋ ಹಾಗೆ ಮಾತಾಡೋದು...”

“ಯಾವ ನಮ್ಮ? ಸುಮ್ನೆ ರಸ್ತೆ ನೋಡಪ್ಪ.”

ಡ್ರೈವರ್ ಕೆಮ್ಮಿದ. ನಾಮ್ ಪೆನ್‌ನ ಮನೆ ಸೇರಿದ್ದೇ ತಡ, ಬ್ರೀಡಾ ತನ್ನ ಚೀಲ ತೆಗೆದುಕೊಂಡು ಮಾರುಕಟ್ಟೆಯ ಹಿಂದಿನ ಒಂದು ವಸತಿಗೃಹಕ್ಕೆ ಹೋದಳು. ಉಳಿದ ರಜೆಯನ್ನೆಲ್ಲ ಅಲ್ಲೇ ಕಳೆದಳು: ಬೀದಿಬದಿಯ ಸ್ಟೂಲಿನ ಮೇಲೆ ಮೀನಿನ ಸಾರು ಸುರಿದ ಅಕ್ಕಿ ಶಾವಿಗೆ ತಿನ್ನುವುದು, ನಡೆಯುವುದು, ಮಲಗುವುದು. ಪರದೇಶಿಯಾಗಿ ಇರುವುದು ಅವಳಿಗೆ ಎಷ್ಟೋ ಹಾಯೆನ್ನಿಸಿತು.

ಹೊರಡುವ ದಿನ ಬೆಳಿಗ್ಗೆ ಡಿಂಪ್ನಾಳ ಫೋನು ಬಂತು. ಬ್ರೀಡಾ ಶಾವಿಗೆಯ ಬಟ್ಟಲು ಕೆಳಗಿಟ್ಟಳು. ಬಂದಾಗಿನಿಂದ ಡಿಂಪ್ನಾಳ ಒಂದೇ ಒಂದು ಪ್ರಶ್ನೆಗಾಗಿ ಅವಳು ಕಾದಿದ್ದಳು: ಅಮ್ಮ ಕೊನೆಗೆ ಏನಂದಳು? ಎಷ್ಟೇ ಕೋಪವಿದ್ದರೂ ಹೇಳಿಬಿಡಬೇಕೆಂದೇ ಇದ್ದಳು.

“ಬ್ರೀಡಾ,” ಡಿಂಪ್ನಾಳ ದನಿ ಮೆತ್ತಗಿತ್ತು. “ಒಂದು ಕೇಳ್ಲಾ?”

“ಕೇಳೇ.”

“ಆ ಪಗೋಡದಲ್ಲಿ ಮುದುಕಿಯರೆಲ್ಲ ನನ್ನ ಸುತ್ತ ಕೂತಿದ್ರಲ್ಲ, ಆಗ ನೀನೇನಾದ್ರೂ ಫೋಟೋ ತೆಗೆದ್ಯಾ? ಇದ್ರೆ ಕಳಿಸೇ. ಶನಿವಾರ ಎಲ್ಲಾ ಊಟಕ್ಕೆ ಬರ್ತಾರೆ, ತೋರಿಸ್ಬೇಕು.”

“ಇಲ್ಲ,” ಅಂದು ಬ್ರೀಡಾ ಫೋನು ಇಟ್ಟಳು. ಶಾವಿಗೆ ಇನ್ನೂ ಬಿಸಿಯಾಗಿತ್ತು.