ಪೈಪಿನೊಳಗೆ ಉಳಿದದ್ದು

ಗುಳ್ಳೆ ಜಾರಿತು, ಸಾಸಿವೆಯಷ್ಟು, ಪೈಪಿನ ಬಾಗಿನಲ್ಲಿ ಗಳಿಗೆ ತಡೆದು ಆನಂದಕುಮಾರನ ಮಣಿಕಟ್ಟಿನ ಕಡೆಗೆ — ಅವನೂ ಅದನ್ನೇ ನೋಡುತ್ತಿದ್ದಾನೆ, ನೋಡಲಿ, ಆಪರೇಷನ್ ಕೋಣೆಯಲ್ಲಿ ಮಂದಿಯ ನರಕ್ಕೆ ಮಂಪರು ಬಿಡುತ್ತಿದ್ದವ ಇವತ್ತು ತಾನೇ ಹರ್ನಿಯಾ ಕೊಯ್ಸಿಕೊಂಡು ಮಂಚದ ಮೇಲೆ, ಸ್ಟ್ರೆಚರ್ ತಳ್ಳಿದವ ನಾನು, ಇಲ್ಲಿನ ವಾರ್ಡ್‌ಬಾಯ್, ಇದೇ ಆಸ್ಪತ್ರೆಯಲ್ಲಿ ಸತ್ತ ಲಾವಣ್ಯಳ ಅಣ್ಣ. ಏ ಭೀಮಾ, ಪೈಪ್ ತೊಳದಾರೇನೋ? ಮಂಪರಿಗೆ ನಾಲಿಗೆ ಇನ್ನೂ ದಪ್ಪ ಅವನಿಗೆ. ಡಾಕ್ಟರು ಹಳೆಯ ಪೈಪು ಕಿತ್ತೆಸೆದು ಹೊಸದು ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಇದರಲ್ಲಿರುವುದು ಬರೀ ಸಲೈನು, ಆದರೆ ಹೇಳುವುದಿಲ್ಲ, ಬೇಯಲಿ. ಹೊರಗೆ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಕಿಟಕಿಯಿಂದ ಸಿಹಿ ವಾಸನೆ, ಅದರ ಹಿಂದೆಯೇ ನೊಣಗಳು, ಅವತ್ತೂ ಇದೇ ವಾಸನೆ, ಕಾಲಡಿಗೆ ಇದೇ ತಾಂಡೂರು ಬಂಡೆಯ ತಂಪು, ಸಿರ್ಗಾಪುರದಿಂದ ಲಾವಣ್ಯಳನ್ನು ಆಟೋದಲ್ಲಿ ತಂದಿದ್ದೆವು ಹೆರಿಗೆಗೆ, ಕೊಯ್ಯಬೇಕು ಅಂದರು, ಮೊಣಕೈತನಕ ಕುಬಸದ ಹಸಿರು ಬಳೆ, ಸೀಮಂತಕ್ಕೆ ತೊಡಿಸಿದ್ದು, ಅವ್ವ ಅಡ್ಡ ನಿಂತಳು, ತಗಿಬ್ಯಾಡ್ರಿ ಸಾಹೇಬ್ರ, ಕೂಸು ಹುಟ್ಟೂತನ ತಗಿಬಾರದ್ರಿ. ಬಳಿ ಅಂಗಡೀನೇ ಹೊತ್ಕೊಂಡ್ ಬಂದೀರಲ್ಲ ಅಂತ ನಕ್ಕವನು ಇವನೇ, ಬಳೆಯ ಮೇಲೆ ಬಟ್ಟೆ ಸುತ್ತಿ, ಔಷಧ ಚುಚ್ಚುವ ಬಾಯಿ ಬಳೆಗಳಿಂದ ದೂರಕ್ಕೆ ಬರಲೆಂದು ಪೈಪಿಗೆ ಪೈಪು ಜೋಡಿಸಿದ, ಎರಡು ಪೈಪು, ಆಪರೇಷನ್ ಮುಗಿದ ಮೇಲೆ ಸಲೈನು ಬಿಟ್ಟು ತೊಳೆದದ್ದು ದಿನದ ರೂಢಿಯಂತೆ ಒಂದೇ ಪೈಪಿನ ಅಳತೆ. ಅವಳು ಸತ್ತ ಮೇಲೆ ಬಾಗಿಲ ಹಿಂದೆ ಡಾಕ್ಟರು ಇವನಿಗೆ ಕಿರುಚಿದ್ದು ಕೇಳಿದೆ, ಎರಡು ಜೋಡಿಸಿ ಒಂದರಷ್ಟೇ ಸಲೈನ್ ಬಿಟ್ರ ಉಳಿದ ಔಷಧ ಎಲ್ಲಿ ಹೋಗ್ತದೋ ಹೈವಾನ್? ಹೊರಗೆ ಬಂದು ನಮಗೆ ಹೇಳಿದ್ದು ಬೇರೆ, ಹಾರ್ಟ್ ಕಮಜೋರ್ ಇತ್ರಿ. ಇವನು ಅದಕ್ಕೊಂದು ಸೇರಿಸಿದ, ನಿಮ್ಮವ್ವನ ಹಟ ನೋಡು, ಬಳಿ ತಗ್ಯಾಕ ಬಿಡಲಿಲ್ಲ, ಅವತ್ತಿನಿಂದ ಅವ್ವನ ಕೈ ಬರಿದು, ಮೊಮ್ಮಗಳನ್ನು ಎತ್ತಿಕೊಂಡಾಗಲೂ ಸದ್ದಿಲ್ಲ. ಎಂಟನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ನನಗೆ ಯಾರು ಕಲಿಸುತ್ತಾರೆ, ಅಂಥದೇ ಪೈಪು ತಂದು ಕುರಿಗೆ ಚುಚ್ಚುವ ಸಿರಿಂಜಿನಿಂದ ನೀರು ಬಿಟ್ಟು ನೋಡಿದೆ, ಒಂದರ ಹೊಟ್ಟೆಯಲ್ಲಿ ನಿಲ್ಲುವುದೆಷ್ಟು, ಒಂದೂವರೆ ಎಂಎಲ್, ಅಂಗೈಯಲ್ಲಿ ಸುರಿದರೆ ಗೆರೆ ನೆನೆಯುವಷ್ಟು, ಥೂ, ಅಷ್ಟಕ್ಕೆ. ಮೈ ಸಡಿಲಿಸುವ ಆ ಔಷಧ ಅಷ್ಟು ಸಾಕು ಎದೆ ಏಳದಂತೆ ಮಾಡಲು, ಮೈಯೆಲ್ಲ ಹಗ್ಗ ಬಿಚ್ಚಿದಂತೆ ಬಿದ್ದು ಬುದ್ಧಿ ಮಾತ್ರ ಎಚ್ಚರ. ಅಣ್ಣಾ, ಕೂಸು ಯಾರಂಗ ಅದನೋ ಅಂತ ಅವತ್ತು ಹೆರಿಗೆಯಾದ ಮೇಲೆ ಲಾವಣ್ಯ ಕೇಳುತ್ತಿದ್ದಳು, ಸಿಸ್ಟರ್ ಬಂದು ನೋವಿನ ಇಂಜೆಕ್ಷನ್ ಪೈಪಿನೊಳಗೆ ಒತ್ತಿದಳು, ಒಳಗೆ ಉಳಿದ ಔಷಧವೂ ನರಕ್ಕೆ ನುಗ್ಗಿತು — ನಿದ್ದಿ ಹತ್ತೇದ, ಮಾತಾಡಿಸಬ್ಯಾಡ್ರಿ, ಅಂದಳು ಸಿಸ್ಟರ್. ಕಣ್ಣು ತೆರೆದೇ ಇತ್ತು. ಭೀಮಾ, ಹೇಳೋ ಮಾರಾಯಾ, ಸಿಸ್ಟರ್‌ನ ಕರಿಯೋ, ಮಂಚದಿಂದ ಇವನು. ಸಿಸ್ಟರ್ ಊಟಕ್ಕ ಹೋಗ್ಯಾಳ್ರಿ ಸರ್, ನೀವು ನಿದ್ದಿ ಮಾಡ್ರಿ, ಅನ್ನುತ್ತೇನೆ, ಸಲೈನು ತುಂಬಿದ ಸಿರಿಂಜು ಕೈಯಲ್ಲಿ ಹಿಡಿದು, ಪೈಪಿನ ಬಾಯಿಗೆ ಮೆಲ್ಲಗೆ ತಿರುವಿ ಕೂರಿಸಿ. ನಿನ್ ಕಾಲ್ ಬೀಳ್ತೀನೋ, ಒತ್ತಬ್ಯಾಡೋ, ಬೆವರು, ಮಂಚದ ಪಟ್ಟಿ ಹಿಡಿದ ಬೆರಳು ಬಿಳಿ, ಒತ್ತುತ್ತೇನೆ, ನಿಧಾನ, ಕೂದಲೆಳೆ ನಿಧಾನ, ಅವನು ಉಸಿರು ಎಣಿಸುತ್ತಿದ್ದಾನೆ, ಉಸಿರು ಬರುತ್ತದೆ ಹಲ್ಕಟ್, ನಿನಗೆ ಬರುತ್ತದೆ, ಕಣ್ಣಿನ ಮೇಲೆ ನೊಣ ಕೂತಿತು, ರೆಪ್ಪೆ ಬಡಿಯಿತು, ನೊಣ ಎದ್ದಿತು — ಅವಳದು ಬಡಿಯಲಿಲ್ಲ, ಕರಿ ಗುಡ್ಡೆಯ ಮೇಲೆ ಕಾಲು ಉಜ್ಜುತ್ತ ನೊಣ, ಅವಳು ಅದನ್ನು ನೋಡುತ್ತ, ರೆಪ್ಪೆ ಬಡಿಯಲಿಲ್ಲ, ನೊಣ, ತೆರೆದ ಕಣ್ಣು, ನೊಣ