ಬೈತಲೆ ತೆಗೆಯುವ ಕೈ

ಆವಿ — ಬಾಗಿಲ ಕೆಳಗಿನ ಸಂದಿಯಿಂದ ಆವಿ ಬರುತ್ತಿದೆ, ಬರಬಾರದು, ತಲೆ ತೊಳೆಯುವ ಕೋಣೆಯಿಂದ ಆವಿ ಯಾಕೆ ಬರಬೇಕು, ಚಹಾಕ್ಕೆ ನೀರಿಟ್ಟಿರಬೇಕು ಅಷ್ಟೇ, ಒಳಗೆ ಹತ್ತು ಹೆಂಗಸರಿದ್ದಾರೆ, ಹತ್ತು ಬಾಯಿಗೂ ಚಹಾ ಬೇಕು, ಎಂದು ಹೋಸಿಯತ್ ತನಗೆ ತಾನೇ ಹೇಳಿಕೊಂಡು ಬೋಗುಣಿಯೊಳಗೆ ಮತ್ತೆ ಬೆರಳಿಟ್ಟಳು, ಬಿಹಿ ಹಣ್ಣಿನ ಬೀಜ ಬೆಳಗಿನಿಂದ ನೆನೆದು ಲೋಳೆ ಬಿಟ್ಟಿದೆ, ಬೆರಳೆತ್ತಿದರೆ ಎಳೆಯಾಗಿ ಮೇಲೆ ಬರುತ್ತದೆ, ಹದ ಅಂದರೆ ಇದು, ಇದನ್ನು ಸೋಸಿ ಒದ್ದೆ ಕೂದಲಿಗೆ ಸವರಿ ಬಾಚಿದರೆ ಒಣಗಿದ ಮೇಲೆ ಜಡೆ ಹೇಗೆ ಮಿಂಚುತ್ತದೆಂದರೆ ನೋಡಿದವರು ಮುಟ್ಟಿ ನೋಡಬೇಕು — ಯಾರು ಸವರುತ್ತಾರೆ, ಯಾರು ಬಾಚುತ್ತಾರೆ, ಒಳಗಿರುವುದು ತನ್ನ ಮಗಳ ತಲೆ, ಹೊರಗೆ ಜಗುಲಿಯಲ್ಲಿ ಕೂತು ಲೋಳೆ ಸೋಸುತ್ತಿರುವವಳು ಹೆತ್ತ ತಾಯಿ, ಇದು ಯಾವ ಊರಿನ ನ್ಯಾಯ, ತಾಜಿಕರ ಇಸ್ತರವ್ಶನ್ ಊರಿನ ನ್ಯಾಯ ಮತ್ತೆ, ಇನ್ಯಾವುದು. ಸುಮ್ಮನಿರು ಹೋಸಿಯತ್, ಇವತ್ತು ತಲೆ ತೊಳೆಯುವ ಶಾಸ್ತ್ರ, ನಾಳೆ ಮಿಜ್ಗೋನಳ ಮದುವೆ, ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ ಎಂದು ಅತ್ತಿಗೆಗೆ ಮಾತು ಕೊಟ್ಟಾಗಿದೆ.

ಕೊಟ್ಟದ್ದೋ, ಕಿತ್ತುಕೊಂಡದ್ದೋ. ನೋಡು ಹೋಸಿಯತ್, ಬೇಜಾರ್ ಮಾಡ್ಕೋಬೇಡ, ಹುಡುಗೀರ ನಲವತ್ತು ಜಡೆ ಬಿಚ್ಚಿ ಮದುಮಗಳ ಎರಡು ಜಡೆ ಹೆಣೆಯೋದು ಒಬ್ಬನೇ ಗಂಡನ ಜೊತೆ ಬಾಳ್ದೋಳು ಮಾಡೋ ಕೆಲಸ, ಬೈತಲೆ ತೆಗೆಯೋಳ ಹಣೆಬರಹಾನೇ ಹುಡುಗಿಗೂ ಹತ್ತೋದು, ನಿಂಗೇನು ಹೊಸದಾ ಇದೆಲ್ಲ, ನಿನ್ ಹಣೆಬರಹ ಮಗಳಿಗೆ ಬರ್ಲಿ ಅಂತೀಯಾ — ಅತ್ತಿಗೆ ಲುತ್ಫಿಯಾ ಹೀಗೆ ಹೇಳುವಾಗ ದನಿ ಬೆಣ್ಣೆ, ಅಣ್ಣ ಪಕ್ಕದಲ್ಲಿ ನಾನ್ ರೊಟ್ಟಿ ಮುರಿಯುತ್ತ ತಲೆ ಬಗ್ಗಿಸಿ ಕೂತಿದ್ದ, ಅಣ್ಣನ ಮನೆಯಲ್ಲಿ ಹನ್ನೆರಡು ವರ್ಷ ಉಂಡವಳು ಏನು ಹೇಳಬೇಕು, ಆಗಲಿ ಅತ್ತಿಗೆ ಎಂದಳು. ಆಗಲಿ! ಈ ಊರಿನಲ್ಲಿ ಹೊಳೆಯುವ ತಲೆಗಳಲ್ಲಿ ಅರ್ಧ ತಲೆ ಹೊಳೆಯುವುದು ಈ ಎರಡು ಕೈಯಿಂದ, ಹೆಂಗಸರ ಹಮಾಮಿನಲ್ಲಿ ಹನ್ನೊಂದು ವರ್ಷದಿಂದ ತಲೆ ತೊಳೆಯುತ್ತಿದ್ದಾಳೆ, ಮದುವೆಗೆ ವಾರವಿರುವಾಗ ತಾಯಂದಿರು ಹೆಣ್ಣುಮಕ್ಕಳನ್ನು ಕೈಹಿಡಿದು ಕರೆತರುತ್ತಾರೆ, ಹೋಸಿಯತ್ ಅಪಾ, ಸ್ವಲ್ಪ ನಿಮ್ ಕೈ ಹಾಕಿ, ಇವಳ ಕೂದ್ಲು ಕತ್ತೆಬಾಲ ಆಗಿದೆ, ಕತ್ತೆಬಾಲವನ್ನು ರೇಷ್ಮೆ ಮಾಡಿ ಕಳಿಸುವ ತನಕ ಹೋಸಿಯತ್ ಬೇಕು, ಶಾಸ್ತ್ರದ ದಿನ ಬಂತೋ ಹೋಸಿಯತ್ ಮೂಲೆಗೆ, ಬೈತಲೆಗೆ ಬುಸೋರಾ ಹೋಲಾ, ಊರಿಗೆಲ್ಲ ಚಿಕ್ಕಮ್ಮ. ಎಂಟು ಮಕ್ಕಳ ತಾಯಿ, ಒಬ್ಬನೇ ಗಂಡ, ಮೂವತ್ತೈದು ವರ್ಷದ ಸಂಸಾರ, ಭಾಗ್ಯವಂತೆ, ಊರಿನ ಯಾವ ಮದುವೆಯಾದರೂ ಬಾಚಣಿಗೆ ಹಿಡಿಯುವುದು ಅವಳೇ. ಭಾಗ್ಯವಂತೆಯ ಎಡಗಿವಿಯ ಮೇಲೆ — ಬೇಡ, ಅದನ್ನು ಯೋಚಿಸಬಾರದು.

ಮೊಸರಂತೂ ತಾನೇ ಇಟ್ಟದ್ದು, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಮೂರು ದಿನ ಹುಳಿ ಬರಿಸಿದ ಗಟ್ಟಿ ಮೊಸರು, ಅಜ್ಜಿ ಬೀಬಿ ಹೇಳಿಕೊಟ್ಟ ಹಾಗೆ, ಅವಳಿಗೆ ಹಲ್ಲಿರಲಿಲ್ಲ ಆದರೆ ಸಾಯುವ ತನಕ ಜಡೆಯಿತ್ತು, ಬಿಳಿ ಜಡೆ, ಬೆಳ್ಳಿಯ ಹಾಗೆ, ಕಿಟಕಿಗೆ ಹಿಡಿದರೆ ಬೆಳಕು ಅದರ ಮೇಲೆ ಜಾರುತ್ತಿತ್ತು, ಕೇಳೇ ಹುಡುಗಿ, ಮೊಸರು ಹಚ್ಚಿ ಒಂದು ಗಂಟೆ ಬಿಡು, ಆಮೇಲೆ ನೀರು ಮಣಿಕಟ್ಟಿಗೆ ಹಾಕ್ಕೊಂಡು ನೋಡು, ಬಿಸೀನೂ ಅನಿಸ್ಬಾರ್ದು ತಣ್ಣಗೂ ಅನಿಸ್ಬಾರ್ದು, ನೀರೇ ಬಿದ್ದಿಲ್ವೇನೋ ಅನಿಸ್ಬೇಕು, ಅಷ್ಟೇ, ಬಿಸಿ ಹಾಕಿದ್ಯೋ ಮೊಸರು ತಲೇಲೇ ಬೆಂದು ಗಿಣ್ಣಾಗುತ್ತೆ, ಆಮೇಲೆ ಒಂದೊಂದು ಎಳೆಯಿಂದ ಬಿಡಿಸ್ತಾ ಕೂತ್ಕೋ. ಉಗುರುಬೆಚ್ಚಗಿನ ನೀರು, ಒಂದು ತಂಬಿಗೆ, ಎರಡು ತಂಬಿಗೆ, ಹನ್ನೆರಡು ವರ್ಷದ ಹಿಂದೆ, ಮಿಜ್ಗೋನಳಿಗೆ ಎಂಟು ವರ್ಷ, ಮುಂದೆ ಬಗ್ಗಿ ಕೂತಿದ್ದಾಳೆ, ಹೋಸಿಯತ್‌ಳ ಮೊಣಕೈ ತನಕ ಮೊಸರು, ಕಿಟಕಿಯ ಕಟ್ಟೆಯ ಮೇಲೆ ಫೋನ್ ಬಡಿದುಕೊಳ್ಳುತ್ತದೆ, ಅಪ್ಪಂದು ಅಮ್ಮಾ, ರಷ್ಯಾದಿಂದ, ನಾನ್ ಒತ್ತಲಾ, ಒತ್ತು ಮಗಳೇ, ಸ್ಪೀಕರ್ ಹಾಕು, ನನ್ ಕೈಯೆಲ್ಲ ಮೊಸರು — ಒತ್ತಿದಳು, ಅವನು ಹೇಗಿದ್ದೀ ಎಂದು ಕೂಡ ಕೇಳಲಿಲ್ಲ, ಮೂರು ಸಲ ಒಂದೇ ಮಾತು, ತಲಾಖ್ ತಲಾಖ್ ತಲಾಖ್, ಹಿಂದೆ ರೈಲಿನ ಸದ್ದು, ಕಟ್. ಮಗು ಬಗ್ಗಿಸಿದ ತಲೆ ಎತ್ತಲಿಲ್ಲ, ಅಪ್ಪ ಯಾಕಮ್ಮಾ ಮೂರ್ ಸಲ ಹೇಳಿದ್ದು ಎಂದಿತು. ಹೋಸಿಯತ್ ಅಳಲಿಲ್ಲ, ಕೈಯಲ್ಲಿ ಮಗುವಿನ ತಲೆಯಿತ್ತು, ಮಣಿಕಟ್ಟಿಗೆ ನೀರು ಹಾಕಿ ನೋಡಿದಳು, ಸರಿಯಾಗಿತ್ತು, ತೊಳೆದಳು, ಒರೆಸಿದಳು, ಜರ್ದಾಳು ಬೀಜದ ಎಣ್ಣೆ ಎರಡೇ ಹನಿ ಅಂಗೈಗೆ ಹಾಕಿ ತುದಿಗೆ ಸವರಿದಳು, ನಲವತ್ತು ಜಡೆ ಹೆಣೆದಳು, ಒಂದೂ ಕಡಿಮೆಯಿಲ್ಲ, ಆ ದಿನವೂ ಮಗಳ ಕೂದಲು ಹೊಳೆಯಿತು. ಇದು ನನ್ನ ಹಣೆಬರಹ ಅತ್ತಿಗೆ, ಹತ್ತಿದರೆ ಹತ್ತಲಿ, ಯಾವ ಕೆಟ್ಟ ದಿನದಲ್ಲೂ ನಡುಗದ ಕೈ ನನ್ನ ಹಣೆಬರಹ, ಇದು ಮಗಳಿಗೆ ಬಂದರೆ ಏನು ಮುಳುಗಿತು.

ಈ ವಾಸನೆ — ಇದು ಚಹಾ ಅಲ್ಲ. ಹೋಸಿಯತ್‌ಳ ಮೂಗು ಅರಳಿತು, ಬೆಂದ ಮೊಸರು, ಹಾಲು ಒಡೆದ ಅಡುಗೆಮನೆಯ ವಾಸನೆ, ಹುಳಿ ಮತ್ತು ಕಮಟು, ಬಾಗಿಲಾಚೆ ಬುಸೋರಾಳ ದನಿ, ಸುಡ್ತಾ ಇಲ್ಲ ತಾನೇ ಮಗಳೇ, ಅತ್ತಿಗೆಯ ದನಿ, ಇನ್ನೂ ಸ್ವಲ್ಪ ಬಿಸಿ ಹಾಕಿ ಹೋಲಾ, ನವೆಂಬರಿನ ಚಳಿ, ನಾಳೆ ಮದುಮಗಳು ಸೀನ್ತಾ ಕೂತ್ರೆ ಚೆಂದವಾ, ಅಯ್ಯೋ ಮೂರ್ಖರೇ, ಶಾಂಪೂ ಹಾಕಿ ಹಾಕಿ ಮೊಸರಿನ ಹದವನ್ನೇ ಮರೆತವರೇ, ನಿಲ್ಲಿಸಿ — ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ ಗೊತ್ತಿಲ್ಲ, ಮುಂದೆ ಹೊಸ್ತಿಲು, ದಾಟಿದರೆ ಅಪಶಕುನ, ದಾಟಿದರೆ ನಾಳೆ ಏನೇ ಆದರೂ, ಅನ್ನ ಸೀದರೂ ಮಳೆ ಬಂದರೂ ಹತ್ತು ವರ್ಷದ ಮೇಲೆ ಅಳಿಯ ಕೆಮ್ಮಿದರೂ, ಆವತ್ತು ತಾಯಿ ಒಳಗೆ ಬಂದ್ಲಲ್ಲ ಅದಕ್ಕೇ ಅನ್ನುತ್ತಾರೆ. ಒಂದೇ ಒಂದು ಮಾತು ಸಾಕು ತನಗೆ, ಬುಸೋರಾ ಹೋಲಾ, ನಿಮ್ಮ ತಲೆವಸ್ತ್ರ ಸ್ವಲ್ಪ ಸರಿಸಿ ತೋರಿಸಿ ಅಂದರೆ ಸಾಕು, ಭಾಗ್ಯವಂತೆಯ ಭಾಗ್ಯ ಹತ್ತು ಹೆಂಗಸರ ಮುಂದೆ ಬಯಲಾಗುತ್ತದೆ, ನಾಲ್ಕು ಚಳಿಗಾಲದ ಹಿಂದೆ ಹಮಾಮಿನಿಂದ ಎಲ್ಲರೂ ಹೋದ ಮೇಲೆ ಒಬ್ಬಳೇ ಬಂದಳಲ್ಲ, ತಲೆ ತೊಳಿ ಹೋಸಿಯತ್, ಮೆತ್ತಗೆ ತೊಳಿ, ಎಡಗಿವಿಯ ಮೇಲೆ ಕೂದಲು ಸರಿಸಿದರೆ ಬೋಳು, ಹೆಬ್ಬೆರಳಷ್ಟು ಜಾಗ, ನುಣ್ಣಗೆ, ಜ್ವರ ಬಂದಾಗ ಉದುರ್ತು ಕಣೇ ಎಂದಳು ಬುಸೋರಾ, ಜ್ವರಕ್ಕೆ ಉದುರಿದರೆ ತಲೆತುಂಬ ಉದುರುತ್ತದೆ ಹೋಲಾ, ಒಂದೇ ಹಿಡಿ ಜಾಗದಲ್ಲಿ ಉದುರುವುದಿಲ್ಲ, ಎಂದು ಹೋಸಿಯತ್ ಅನ್ನಲಿಲ್ಲ, ಏಳು ವಾರ ಎಣ್ಣೆ ತಿಕ್ಕಿದಳು, ಬರಲಿಲ್ಲ, ಗಂಡನ ಮುಷ್ಟಿ ಬೇರು ಸಮೇತ ಕಿತ್ತ ಜಾಗದಲ್ಲಿ ಮತ್ತೆ ಬರುವುದಿಲ್ಲ. ಯಾರಿಗೂ ಹೇಳಲಿಲ್ಲ, ಹಮಾಮಿನಲ್ಲಿ ಕಂಡದ್ದನ್ನು ಹಮಾಮಿನಲ್ಲೇ ಬಿಟ್ಟು ಬರುವುದು ಈ ಕೆಲಸದ ಮರ್ಯಾದೆ. ಇವತ್ತೂ ಹೇಳಬಾರದು, ಹೇಳಿದರೆ ಆ ಮುಷ್ಟಿಗೂ ತನ್ನ ಬಾಯಿಗೂ ಏನು ವ್ಯತ್ಯಾಸ ಉಳಿಯಿತು.

ಅಮ್ಮಾ! — ಮಿಜ್ಗೋನಳ ದನಿ. ಅಮ್ಮಾ, ಇಲ್ಲಿ ಬಾ, ತಲೇಲಿ ಏನೋ ಆಗಿದೆ!

ಹೊಸ್ತಿಲು ಎಷ್ಟು ಎತ್ತರವಿತ್ತು, ಒಂದು ಹೆಜ್ಜೆ, ಅಷ್ಟೇ, ಇಷ್ಟಕ್ಕಾಗಿ ಬೆಳಗಿನಿಂದ ಜಗುಲಿಯಲ್ಲಿ ಕೂತಿದ್ದೆನೇ, ಒಳಗೆ ಆವಿ, ಹೆಂಗಸರು, ನಡುವೆ ತೊಟ್ಟಿಯ ಮುಂದೆ ಮಗಳು, ಸೊಂಟದ ತನಕ ಬಿಚ್ಚಿ ಹರಡಿದ ಆ ಕಪ್ಪು ಕೂದಲ ತುಂಬ ಬಿಳಿ ಬಿಳಿ ಕಾಳು, ಹನ್ನೆರಡು ವರ್ಷದ ಕೆಲಸದ ಮೇಲೆ ಯಾರೋ ಗಿಣ್ಣು ಚೆಲ್ಲಿದ ಹಾಗೆ, ಬುಸೋರಾ ತಂಬಿಗೆ ಹಿಡಿದು ಕಣ್ಣು ಬಿಡುತ್ತಿದ್ದಾಳೆ. ಹೋಸಿಯತ್, ನೀನ್ ಆಚೆ ಇರು, ನಾವ್ ನೋಡ್ಕೋತೀವಿ, ಎಂದಳು ಅತ್ತಿಗೆ, ಬಾಗಿಲಿಗೆ ಅಡ್ಡ ಬಂದು, ನೋಡ್ಕೊಂಡಿದ್ದು ಕಾಣ್ತಾ ಇದೆ ಅತ್ತಿಗೆ, ಸರೀರಿ, ತಣ್ಣೀರು ಕೊಡಿ, ಬಾವಿಯದ್ದು, ಸೇಬಿನ ಹುಳಿ ಇದ್ಯಲ್ಲ ಅಟ್ಟದ ಮೇಲೆ, ಅದನ್ನ ತನ್ನಿ — ದನಿ ತನ್ನದೇನಾ, ಹನ್ನೆರಡು ವರ್ಷ ಈ ಮನೆಯಲ್ಲಿ ಯಾರಿಗೂ ತನ್ನಿ ಎಂದವಳಲ್ಲ, ಅತ್ತಿಗೆ ಹೋಗಿ ತಂದಳು, ನಿಜಕ್ಕೂ ತಂದಳು. ಹೋಸಿಯತ್ ಮಂಡಿಯೂರಿದಳು, ಹುಳಿ ಬೆರೆಸಿದ ತಣ್ಣೀರು ಮೇಲಿನಿಂದ ಸಣ್ಣಗೆ ಬಿಡುತ್ತ ಎರಡು ಬೆರಳ ನಡುವೆ ಒಂದೊಂದೇ ಎಳೆ ಜಾರಿಸುತ್ತಾಳೆ, ಕಾಳು ಬಿಡುತ್ತವೆ, ಒಂದು, ಹತ್ತು, ಯಾರು ಎಣಿಸುತ್ತಾರೆ, ಮಗಳ ಕುತ್ತಿಗೆ ಕೆಂಪಗಾಗಿದೆ, ಸುಡ್ತಾ ಇದ್ರೂ ಯಾಕೆ ಸುಮ್ನಿದ್ದೆ ಮಗಳೇ, ಅತ್ತೆ ಹೇಳಿದ್ರು ಅಮ್ಮಾ, ಶಾಸ್ತ್ರದಲ್ಲಿ ಹುಡುಗಿ ಮಾತಾಡ್ಬಾರ್ದು ಅಂತ, ಆಹಾ, ಸುಟ್ಟರೂ ಮಾತಾಡಬಾರದು, ಇವತ್ತಿನಿಂದಲೇ ಪಾಠ ಶುರುವಾಗಿದೆ. ನೀರು ತಿಳಿಯಾಯಿತು, ಬಟ್ಟೆಯಲ್ಲಿ ಒತ್ತಿ ಒರೆಸಿದ್ದಾಯಿತು, ಬಿಹಿಯ ಲೋಳೆಯನ್ನು ಅಂಗೈಯಲ್ಲಿ ಹರಡಿ ಬುಡದಿಂದ ತುದಿಗೆ ಸವರುತ್ತಾಳೆ, ಗೋಡೆಯ ಸಣ್ಣ ಕಿಟಕಿಯಿಂದ ಬಿಸಿಲು ಬಿದ್ದು ಕೂದಲ ಮೇಲೆ ಜಾರಿತು, ಮೂಲೆಯಲ್ಲಿ ಯಾರೋ ವಾಹ್ ಎಂದರು, ಎನ್ನಿ, ಎನ್ನಿ, ಬಾಯಿಬಿಟ್ಟು ಎನ್ನಿ.

ಸರಿ, ಆಯ್ತಲ್ಲ, ನೀನ್ ಇನ್ನು ಹೊರಡು ಹೋಸಿಯತ್, ಬೈತಲೆ ಮಾತ್ರ ಹೋಲಾ ತೆಗೀಲಿ, ಅದೊಂದ್ ಬಿಟ್ಕೊಡು, ಹುಡುಗಿ ಬಾಳು ಕಣೇ, ಎಂದಳು ಅತ್ತಿಗೆ, ಬೈದು ಹೇಳಲಿಲ್ಲ, ಹೆದರಿ ಹೇಳಿದಳು, ಅವಳಿಗೂ ಮಿಜ್ಗೋನ ಎಂದರೆ ಜೀವ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಹಿಪ್ಪುನೇರಳೆ ಮರದ ಬಾಚಣಿಗೆ ಬುಸೋರಾಳ ಕೈಯಲ್ಲಿದೆ. ಹೋಸಿಯತ್ ಕೈ ಚಾಚುತ್ತಾಳೆ, ಕೈ ಹಿಂದೆ ತೆಗೆದುಕೊಳ್ಳುವುದಿಲ್ಲ, ಇವತ್ತು ಈ ಕೈ ಖಾಲಿ ಹಿಂದಕ್ಕೆ ಬರುವುದಿಲ್ಲ, ಕಣ್ಣು ಕಣ್ಣು ಕೂಡಿತು, ಆವಿಗೆ ಬುಸೋರಾಳ ತಲೆವಸ್ತ್ರ ಒದ್ದೆಯಾಗಿ ಸಡಿಲವಾಗಿದೆ, ಅವಳ ಎಡಗೈ ತಾನಾಗಿ ಮೇಲಕ್ಕೆ ಹೋಗಿ ಕಿವಿಯ ಮೇಲೆ ವಸ್ತ್ರವನ್ನು ಒತ್ತಿ ಹಿಡಿಯಿತು, ಹೇಳ್ತೀಯಾ ಎನ್ನುವ ಕಣ್ಣು, ಇಲ್ಲ ಹೋಲಾ, ಸಾಯುವ ತನಕ ಇಲ್ಲ, ಬಾಚಣಿಗೆ ಕೊಡಿ. ಬುಸೋರಾ ಕೆಮ್ಮಿದಳು, ನನ್ ಕೈ ಯಾಕೋ ನಡುಗ್ತಿದೆ ಲುತ್ಫಿಯಾ, ಗೆರೆ ಸೊಟ್ಟ ಆಗುತ್ತೆ, ತಾಯೀನೇ ತೆಗೀಲಿ ಬಿಡು — ಬಾಚಣಿಗೆ ಬಂತು, ಮರ ಬೆಚ್ಚಗಿದೆ.

ಹಣೆಯ ನಡುವೆ ಬಾಚಣಿಗೆಯ ಮೂಲೆ ಇಟ್ಟಳು. ಇಲ್ಲಿಂದ ಹಿಂದಕ್ಕೆ, ನೇರ, ಉಸಿರು ಬಿಗಿಹಿಡಿದು, ಕಪ್ಪು ಎರಡಾಗಿ ಸರಿಯುತ್ತದೆ, ನಡುವೆ ಬಿಳಿ ಚರ್ಮ ಗೆರೆಯಾಗಿ ತೆರೆಯುತ್ತದೆ, ಎಷ್ಟು ಎಳೆಯ ಚರ್ಮ, ಬಾಚಣಿಗೆ ತೆರೆದರೆ ಬೈತಲೆ, ಮುಷ್ಟಿ ತೆರೆದರೆ — ಹರಸಮ್ಮಾ, ಬಾಯ್ಬಿಟ್ಟು ಹರಸು, ಒಳ್ಳೇ ಮಾತು, ಎಂದಳು ಅತ್ತಿಗೆ, ಒಳ್ಳೆಯ ಮಾತು ಎಲ್ಲರಿಗೂ ಗೊತ್ತು, ಹೋದ ಮನೆಯಲ್ಲೇ ತಲೆ ನರೆಯಲಿ, ಅದನ್ನು ಹೇಳಬೇಕು, ಹೇಳಿಸಿಕೊಂಡವರೆಲ್ಲ ಏನಾದರು, ನಾಲಿಗೆ ಹೊರಳುತ್ತಿಲ್ಲ, ಹೊರಳಿದ್ದು ಬೇರೆ. ಮಿಜ್ಗೋನ, ಈ ಕೂದ್ಲು ನಾನ್ ಬೆಳೆಸಿದ್ದು. ಪ್ರೀತಿಯಿಂದ ಸವರೋ ಕೈ ಸಿಗ್ಲಿ ನಿಂಗೆ. ಯಾವತ್ತಾದ್ರೂ ಒಂದಿನ ಇದ್ರೊಳಗೆ ಮುಷ್ಟಿ ಬಿತ್ತೋ, ಎರಡನೇ ಸಲಕ್ಕೆ ಕಾಯ್ಬೇಡ, ಜನ ಏನಂತಾರೆ ಅಂತ ಕೂರ್ಬೇಡ, ಎದ್ದು ಬಾ, ನಿನ್ನ ತಾಯಿ ಬದ್ಕಿದ್ದಾಳೆ. ಅಯ್ಯೋ ಶುಭದ ದಿನ ಇದೆಂಥ ಮಾತೇ ಎಂದು ಅತ್ತಿಗೆ ಬಾಯಿಗೆ ಕೈ ಇಟ್ಟಳು, ಯಾರೂ ಆಮೀನ್ ಅನ್ನುತ್ತಿಲ್ಲ, ಬೇಡ, ನಿಮ್ಮ ಆಮೀನ್ ಇಲ್ಲದೆಯೂ ನಡೆಯುತ್ತದೆ, ನಾನೇ — ಆಮೀನ್, ಎಂದಿತು ಒಂದು ದನಿ, ಬುಸೋರಾಳದು, ದೊಡ್ಡದಾಗಿ, ಎರಡೂ ಅಂಗೈ ಮುಂದೆ ಎತ್ತಿದ್ದಾಳೆ, ಎರಡೂ, ಕಿವಿಯ ಮೇಲೆ ಒತ್ತಿ ಹಿಡಿದಿದ್ದ ಎಡಗೈಯನ್ನೂ ಬಿಟ್ಟು ಎತ್ತಿದ್ದಾಳೆ, ಮುಖದ ಮೇಲಿನಿಂದ ಅಂಗೈ ಇಳಿಸುವಾಗ ಒದ್ದೆ ವಸ್ತ್ರ ಜಾರಿ ಹೆಗಲಿಗೆ ಬಿತ್ತು, ಹೆಕ್ಕಿಕೊಳ್ಳಲಿಲ್ಲ, ಎಲ್ಲರೂ ನೋಡುತ್ತಿದ್ದಾರೆ, ಹೆಕ್ಕಿಕೊಳ್ಳುತ್ತಿಲ್ಲ, ಹೋಸಿಯತ್‌ಳ ಬಾಚಣಿಗೆ ಮಗಳ ನೆತ್ತಿಯಲ್ಲಿ ನಿಂತಿದೆ, ಬಿಸಿಲು ಅಲ್ಲಿಗೇ ಬಿದ್ದಿದೆ, ಬುಸೋರಾಳ ಎಡಗಿವಿಯ ಮೇಲೆ, ಹೆಬ್ಬೆರಳಷ್ಟು ಜಾಗ, ನುಣ್ಣಗೆ, ಹೊಳೆಯುತ್ತಿದೆ —